ಸಾವಿರ ಪುಟದ ಪ್ರಳಯ: ಈ ದಪ್ಪ ಭಯಾನಕ ಕಾದಂಬರಿಗಳು ಯಾಕ ಹಳೇವಾಗೂದಿಲ್ಲ?

ಎರಿಹೊಲ, ವಿಜಯಪುರ

ಒಂದು ಪ್ರಶ್ನೆ ಅದ, ಅದರ ಬಾಲಕ್ಕ ಇನ್ನೊಂದು.

ಜಗತ್ತು ಮುಳುಗಿದ ಮ್ಯಾಲ ಉಳದವರ ಕತಿ ಹೇಳೂ ದಪ್ಪ ಭಯಾನಕ ಕಾದಂಬರಿಗಳು ಅದಾವಲ್ಲ, ಅವು ಯಾಕ ಹಳೇವಾಗೂದಿಲ್ಲ? ಮೇರಿ ಶೆಲ್ಲಿ 'ದಿ ಲಾಸ್ಟ್ ಮ್ಯಾನ್' ಪ್ರಕಟಿಸಿದ್ದು 1826ರಾಗ, ಅದೂ ಮೂರು ಸಂಪುಟ. ಸ್ಟೀಫನ್ ಕಿಂಗ್‌ನ 'ದಿ ಸ್ಟ್ಯಾಂಡ್' 1978ರಾಗ ಬಂದಾಗ ಪ್ರಕಾಶಕರು ಖರ್ಚಿನ ಲೆಕ್ಕಾ ಹಾಕಿ ಸುಮಾರು 400 ಪುಟ ಕತ್ತರಿಸಿದ್ರು. 1990ರಾಗ ಕತ್ತರಿಸಿದ್ದನ್ನ ವಾಪಸ್ ಸೇರಿಸಿ 1,100 ಪುಟ ದಾಟಿಸಿದ್ರು. ಮಂದಿ ಉದ್ದಾತು ಅಂತ ಬಿಡ್ಲಿಲ್ಲ, ಉದ್ದಂದನ್ನೇ ಹುಡುಕಿ ಓದಿದ್ರು. ಏನಿದರ ಗುಟ್ಟು?

ಬಾಲದ ಪ್ರಶ್ನೆ: ಇಂಥಾದ್ದೊಂದನ್ನ ವಿಜಯಪುರ, ಬಾಗಲಕೋಟಿ, ಬೆಳಗಾವಿ ನೆಲದಾಗ ಕನ್ನಡದಾಗ ಬರೀಬೇಕಂದ್ರ ಎಲ್ಲಿ ಗಟ್ಟಿ ಇರಬೇಕು, ಎಲ್ಲಿ ಮುರೀತದ? ದೆವ್ವದ ಸುದ್ದಿ ಬ್ಯಾಡ, ಅದು ಬರಿಯವರಿಗೆ ಬಿಟ್ಟದ್ದು. ನೆಲದ ಲೆಕ್ಕಾ ಹೇಳ್ರಿ.

ಮಸಿಡಬ್ಬಿ, ಬೆಳಗಾವಿ

ಗುಟ್ಟು ನೀವ ಹೇಳಿದ ಕಡೀ ಮಾತಿನಾಗ ಐತಿ ನೋಡ್ರಿ. ಲೆಕ್ಕಾ.

ಸಣ್ಣ ದೆವ್ವದ ಕತಿಯಾಗ ಅಂಜಿಕಿ ಬರತೈತಿ, ಹೋಗತೈತಿ. ದೊಡ್ಡ ಕಾದಂಬರಿ ಓದವರ ಕೈಯಾಗ ಒಂದು ಜಮಾಖರ್ಚಿನ ವಹಿ ಕೊಡತೈತಿ. ಎಷ್ಟು ಮಂದಿ ಉಳದ್ರು, ಎಷ್ಟು ಚೀಲ ಜ್ವಾಳ, ಎಷ್ಟು ಕಡ್ಡಿಪೆಟಗಿ, ಔಷಧ ಯಾರ ಹತ್ರ. 300ನೇ ಪುಟಕ್ಕ ಬರೂದ್ರೊಳಗ ಲೇಖಕ ಹೇಳೂದು ಬ್ಯಾಡ, ಓದವ್ರ ಎಣಿಸಿಕೋತ ಹೋಗತಾರ. ಆವಾಗ "ಡಬ್ಬಿ ಖಾಲಿ ಆತು" ಅಂತ ಮೂರು ಶಬ್ದ ಬರದ್ರ ಸಾಕು, ಜೀವ ಝಲ್ ಅಂತೈತಿ. 20 ಪುಟದ ಕತಿಯಾಗ ಆ ಝಲ್ ಬರೂದಿಲ್ಲ. ಡಬ್ಬಿ ತುಂಬಿದ್ದಾಗ ನಾವು ಅಲ್ಲಿ ಇರಲಿಲ್ಲ, ಅದಕ್ಕ.

ರಾಕ್ಷಸರು ಹಳೇವಾಗತಾರ. 1950ರ ಅಣುಬಾಂಬಿನ ಅಂಜಿಕಿ ಈಗಿನ ಹುಡುಗರಿಗೆ ಅಷ್ಟು ತಾಗೂದಿಲ್ಲ. ಖಾಲಿ ಡಬ್ಬಿ ಹಳೇದಾಗೂದಿಲ್ಲ.

ಬೆಳಗಲಿ ಮಾಸ್ತರ, ಮುಧೋಳ

ಲೆಕ್ಕದ ಮಾತು ಒಪ್ಪಿದೆ. ಉದ್ದವೇ ಬೇಕು ಅನ್ನುವುದನ್ನು ಒಪ್ಪುವುದಿಲ್ಲ.

ಮುಧೋಳ ಸೀಮೆಯ ರನ್ನ ಸಾವಿರ ವರ್ಷದ ಹಿಂದೆ ಹತ್ತು ಆಶ್ವಾಸದ (ಅಧ್ಯಾಯದ) 'ಗದಾಯುದ್ಧ' ಕಾವ್ಯದಲ್ಲಿ ಇದನ್ನೇ ಮಾಡಿದ. ಲೋಕವೇ ಸತ್ತುಬಿದ್ದ ನೆಲದ ಮೇಲೆ ದುರ್ಯೋಧನ ಸಂಜಯನ ಜೊತೆ ಭೀಷ್ಮನನ್ನು ಕಾಣಲು ನಡೆಯುತ್ತಾನೆ. ಕಾಲಿಟ್ಟಲ್ಲಿ ಹೆಣ, ರಕ್ತ, ಮುರಿದ ರಥ. ಮರುಳುಗಳು, ಅಂದರೆ ರಣರಂಗದ ಪಿಶಾಚಿಗಳು, ಎದುರಾಗಿ ಚಕ್ರವರ್ತಿಯನ್ನೇ ಅಣಕಿಸುತ್ತವೆ. ಮುಂದೆ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಬ್ಬೊಬ್ಬರ ಹೆಣದ ಮುಂದೂ ನಿಲ್ಲುತ್ತಾನೆ. ಪ್ರಳಯದ ನಂತರದ ಭಯಾನಕ ಸಾಹಿತ್ಯ ನಮಗೆ ಹೊರಗಿನಿಂದ ಬಂದದ್ದೇನಲ್ಲ.

ಎರಿಹೊಲ ಅವರು ಇಲ್ಲಿ ಗಮನಿಸಬೇಕಾದ್ದು ಕಟ್ಟುವ ಕ್ರಮ. ರನ್ನ ಕತೆಯನ್ನು ಮೊದಲಿನಿಂದ ಹೇಳುವುದಿಲ್ಲ. ಯುದ್ಧದ ಕೊನೆಯಲ್ಲಿ ನಿಂತು, ಸಿಂಹ ಹೊರಳಿ ನೋಡುವ ಹಾಗೆ, ಇಡೀ ಮಹಾಭಾರತವನ್ನು ಹಿಂತಿರುಗಿ ನೋಡುತ್ತಾನೆ. ದೊಡ್ಡ ಕಾದಂಬರಿಗಳು ಸಾಮಾನ್ಯವಾಗಿ ಎಡವುವುದು ಮೊದಲ 200 ಪುಟದಲ್ಲಿ: ರೋಗ ಹುಟ್ಟಿತು, ಹರಡಿತು, ಸರಕಾರ ಸುಳ್ಳು ಹೇಳಿತು, ಹೆಣ ಬಿತ್ತು. ಇದೆಲ್ಲ ಓದುಗರಿಗೆ ಬಾಯಿಪಾಠ. ಕುಸಿದ ಮೇಲಿನ ನಡಿಗೆಯಿಂದ ಶುರುಮಾಡಿ, ಒಂದೊಂದು ಹೆಣದ ಮುಂದೆ ನಿಂತಾಗ ಅಷ್ಟಷ್ಟೇ ಹಿಂದಕ್ಕೆ ಹೊರಳಿದರೆ ಆ 200 ಪುಟ 40ಕ್ಕೆ ಇಳಿಯುತ್ತದೆ.

ಎರಿಹೊಲ, ವಿಜಯಪುರ

ಮಾಸ್ತರ, ಈ ಮಾತು ಹೊಳದಿರಲಿಲ್ಲ. ಇನ್ನ ನೆಲಕ್ಕ ಇಳಿಯೂಣು. ಮೊದಲನೇ ದಿನ ಏನು ಆರ್ತದ?

ಫ್ಯೂಜ್ ತಂತಿ, ಬಸವನ ಬಾಗೇವಾಡಿ

ಕರೆಂಟು. ಮತ್ತ ಕಾದಂಬರಿಯವರು ಹೆಚ್ಚು ತಪ್ಪು ಮಾಡೂದೂ ಅಲ್ಲೇ.

ಗ್ರಿಡ್ಡು, ಅಂದ್ರ ದೇಶದ ಕರೆಂಟಿನ ಜಾಲ, 50 ಹರ್ಟ್ಸ್ ಮ್ಯಾಲ ಓಡ್ತದ. ಉತ್ಪಾದನೆ ಕಡಿಮಿ ಬಿದ್ರ ಫ್ರೀಕ್ವೆನ್ಸಿ ಇಳೀತದ. 49.4ರ ಸುತ್ತಮುತ್ತ ಬಂತಂದ್ರ ರಿಲೇ ಅನ್ನೂ ತಾನೇ ನಡಿಯೂ ಸ್ವಿಚ್ಚುಗಳು ಯಾರನ್ನೂ ಕೇಳದೇ ಫೀಡರ್ (ಊರಿಗೆ ಹೋಗೂ ಲೈನು) ಕಡೀತಾವ, ಉಳಿದದ್ದನ್ನ ಉಳಿಸ್ಲಿಕ್ಕೆ. ಅದೂ ಸಾಲದಿದ್ರ ಜನರೇಟರುಗಳು ತಮ್ಮ ಜೀವ ಉಳಿಸ್ಕೊಳ್ಳಿಕ್ಕೆ ತಾವೇ ಟ್ರಿಪ್ ಆಗ್ತಾವ. ಅಂದ್ರ ಕತ್ತಲಿ ದಿನಾ ಸ್ವಲ್ಪ ಸ್ವಲ್ಪ ಬರೂದಲ್ಲ, ಕಡೀ ಹೊಡತ ಸೆಕೆಂಡಿನ ಲೆಕ್ಕದಾಗ ಬರ್ತದ. 2012ರ ಜುಲೈ 30, 31ಕ್ಕ ಉತ್ತರದಾಗ ಗ್ರಿಡ್ ಬಿತ್ತಲ್ಲ, ಎರಡನೇ ದಿನ 60 ಕೋಟಿಗಿಂತ ಹೆಚ್ಚು ಮಂದಿ ಇರೂ ಪ್ರದೇಶ ಕತ್ತಲಾತು. ದಕ್ಷಿಣ ಆವಾಗ ಬ್ಯಾರೆ ಇತ್ತು, ಪಾರಾತು. 2013ರ ಡಿಸೆಂಬರ್ 31ಕ್ಕ ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಚಾಲೂ ಆದ ಮ್ಯಾಲ ನಾವೂ ಅದೇ ಹಗ್ಗಕ್ಕ ಕಟ್ಟಿಸ್ಕೊಂಡೀವಿ. ಆ ಲೈನು ನಮ್ಮ ಮಗ್ಗಲದಾಗೇ ಹೋಗಿದ್ದು, ಕಾದಂಬರಿಯ ಮೊದಲನೇ ಸಾಲಿಗೆ ಇದಕ್ಕಿಂತ ಹತ್ತಿರದ್ದು ಬೇಕೇನ್ರಿ?

ಈಗ ಕೂಡಗಿಯ ಕಲ್ಲಿದ್ದಲಿನ ಥರ್ಮಲ್ ಕೇಂದ್ರ. 800 ಮೆಗಾವಾಟಿನ ಮೂರು ಘಟಕ. "ನಮ್ಮ ಹತ್ರ ಕೂಡಗಿ ಅದ, ನಮಗೇನು ಚಿಂತಿ" ಅಂತ ಒಂದು ಪಾತ್ರ ಅಂದೇ ಅಂತದ. ಅನ್ಲಿ, ಅದು ಛಲೋ ಮೋಸ. ಥರ್ಮಲ್ ಘಟಕ ಒಮ್ಮೆ ನಿಂತ್ರ ತಾನೇ ಏಳೂದಿಲ್ಲ. ಫ್ಯಾನು, ನೀರಿನ ಪಂಪು, ಕಲ್ಲಿದ್ದಲು ಬೀಸೂ ಗಿರಣಿ, ಎಲ್ಲಾ ತಿರುಗ್ಲಿಕ್ಕೆ ಹೊರಗಿನಿಂದ ಕರೆಂಟು ಬೇಕು. ಹೊರಗ ಇಲ್ಲ. ಜಲವಿದ್ಯುತ್ ಘಟಕ ಹಂಗಲ್ಲ, ಸಣ್ಣ ಡೀಸೆಲ್ ಸೆಟ್ಟಿನ ಮ್ಯಾಲ ಗೇಟು ತೆರದು ಎಬ್ಬಿಸಬಹುದು. ಹಿಂಗಾಗಿ ಬೆಳಕು ಎಲ್ಲರ ವಾಪಸ್ ಬರೂದಿದ್ರ ಆಲಮಟ್ಟಿಯಿಂದನೇ ಬರಬೇಕು. ಅಲ್ಲಿ 55 ಮೆಗಾವಾಟಿನವು ಐದು, 15ರದು ಒಂದು, ಒಟ್ಟು 290. ಆ ಕೆಲಸ ಗೊತ್ತಿದ್ದ ಒಬ್ಬ ಮನುಷ್ಯಾ ಬದುಕಿರಬೇಕು. ಅವನ್ನ ಕಾದಂಬರಿಯಾಗ ಎಲ್ಲಿ ಇಡ್ತೀರಿ, ಯಾರ ಕೈಯಾಗ ಇಡ್ತೀರಿ ಅನ್ನೂದ್ರ ಮ್ಯಾಲ ಯುದ್ಧ ನಿಂತದ.

ಸೋಲಾರಿನ ತಪ್ಪು ಎಲ್ಲಾರೂ ಮಾಡ್ತಾರ. ಛಾವಣಿ ಮ್ಯಾಲ 5 ಕಿಲೊವಾಟ್ ಹಲಗಿ ಅದಾವ, ಆದ್ರ ಇನ್ವರ್ಟರು ಗ್ರಿಡ್ಡಿಗೆ ಕಟ್ಟಿದ್ದು. ಗ್ರಿಡ್ ಸತ್ತ ಕೂಡ್ಲೇ ಅದೂ ಬಂದ್ ಆಗ್ತದ, ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ ಹಂಗೇ ಮಾಡಿರ್ತಾರ. ಬಿಸಲು ಉರೀತಿರ್ತದ, ಮನಿಯಾಗ ಬಲ್ಬು ಹತ್ತೂದಿಲ್ಲ. ಹೊಲದಾಗಿನ ಸೋಲಾರ್ ಪಂಪು ಮಾತ್ರ ನಡೀತದ, ಅದಕ್ಕ ಗ್ರಿಡ್ಡಿನ ಹಂಗಿಲ್ಲ. ಅಂದ್ರ ಶಾರದ ಶ್ರೀಮಂತರ ಬಂಗ್ಲೆ ಕತ್ತಲಿ, ಬಸವನ ಬಾಗೇವಾಡಿ ಕಡೆ ಯಾರದೋ ಹೊಲದಾಗ ನೀರು. ಮಂದಿ ಯಾವ ದಿಕ್ಕಿಗೆ ಓಡ್ತಾರ ಅನ್ನೂದು ತಾನೇ ತೀರ್ಮಾನ ಆತು. ಗಾಳಿಯಂತ್ರದ ರೆಕ್ಕಿ ತಿರಗೂದು ಕಂಡು ಅಲ್ಲಿಗೆ ಹೋದವರಿಗೂ ಏನೂ ಸಿಗೂದಿಲ್ಲ, ಗ್ರಿಡ್ ಇಲ್ಲದ ಅದೂ ಕರೆಂಟು ಕೊಡೂದಿಲ್ಲ.

ಪೆಟ್ರೋಲು: ಬಂಕಿನ ನೆಲದಡಿ ಟಾಕಿಯಾಗ ಇರ್ತದ, ಎತ್ತೂ ಪಂಪಿಗೆ ಕರೆಂಟು ಬೇಕು. ಕೈಪಂಪಿನಿಂದ ಎಳೀಬಹುದು. ಆದ್ರ ಎಥೆನಾಲ್ ಬೆರಸಿದ ಪೆಟ್ರೋಲು ಗಾಳಿಯ ಪಸಿ ಹೀರಿ, ನೀರು-ಎಥೆನಾಲ್ ತಳಕ್ಕ ಬ್ಯಾರೆ ಪದರಾಗಿ ನಿಲ್ತದ. ಆರು ತಿಂಗಳ ಮ್ಯಾಲ ಅದನ್ನ ಹಾಕಿದ ಬೈಕು ಕೆಮ್ಮಿಕೋತ ನಿಂತೇ ನಿಲ್ತದ. ಮೂರು ವರ್ಷದ ನಂತರ ಹೀರೋ ಬುಲೆಟ್ ಹತ್ತಿ ಬಂದ್ರ ಅಲ್ಲಿಗೇ ಪುಸ್ತಕ ಮುಚ್ಚಬೇಕು.

ಕರದಂಟು, ಗೋಕಾಕ

ಅಣ್ಣಾರ, ಒಂದು ಮಾತು. ಇದು ಭಯಾನಕ ಕಾದಂಬರಿಯೋ, ಹೆಸ್ಕಾಂ ತರಬೇತಿಯೋ? ಇಷ್ಟು ಲೆಕ್ಕಾ ಒಳಗ ಹಾಕಿದ್ರ ದೆವ್ವ ನಿದ್ದಿ ಹೊಡೀತೈತಿ.

ಮಸಿಡಬ್ಬಿ, ಬೆಳಗಾವಿ

ಲೆಕ್ಕಾ ಬರಿಯವರ ಟೇಬಲ್ ಮ್ಯಾಲ ಇರಬೇಕು, ಪುಟದಾಗ ಅದರ ವಾಸನಿ ಅಷ್ಟ ಬರಬೇಕು. ಬಲ್ಬು ಹತ್ತಲಿಲ್ಲ ಅಂತ ಒಂದು ಸಾಲು. ಯಾಕ ಹತ್ತಲಿಲ್ಲ ಅನ್ನೂದು ಲೇಖಕನಿಗೆ ಗೊತ್ತಿದ್ರ ಆ ಸಾಲು ಗಟ್ಟಿಯಾಗಿ ಕುಂದರತೈತಿ.

ಹಿನ್ನೀರು, ಬಾಗಲಕೋಟೆ

ಕರೆಂಟ್ ಹೋದ ಮ್ಯಾಲ ನೀರಿನ ಸುದ್ದಿ. ಇಲ್ಲಿ ಎರಡು ನಮೂನಿ ಸಾವು ಐತಿ, ನೀರಿಲ್ಲದ್ದು ಒಂದು, ನೀರ ಬಂದದ್ದು ಇನ್ನೊಂದು.

500 ಅಡಿ ಬೋರಿನಾಗಿನ ಸಬ್‌ಮರ್ಸಿಬಲ್ ಮೊದಲನೇ ದಿನಾನ ಸತ್ತಂಗ. ಓವರ್‌ಹೆಡ್ ಟಾಕಿ ಒಂದೆರಡು ದಿನ. ಆಮ್ಯಾಲ ಉಳಿಯೂದು ಇಂಡಿಯಾ ಮಾರ್ಕ್-2 ಕೈಪಂಪು, ಅದೂ ನೀರು ಸುಮಾರು 45 ಮೀಟರಿನೊಳಗ ಇದ್ದಲ್ಲಿ. ನಿಮಿಷಕ್ಕ 12 ಲೀಟರ್ ಬರತೈತಿ ಅಂತ ಹಿಡೀರಿ. ತಲಿಗೆ ದಿನಕ್ಕ 15 ಲೀಟರ್ ಅಂದ್ರ 200 ಮಂದಿಗೆ 3,000 ಲೀಟರ್, ನಾಕು ತಾಸಿಗಿಂತ ಹೆಚ್ಚು ಬಿಡದ ಜಗ್ಗಬೇಕು. ಒಳಗಿನ ಬಕೆಟ್ ವಾಷರ್ ಸವೀತಾವ. ಸವದ್ರ ಹಿಡಿ ಜಗ್ಗಿದ್ರೂ ನೀರು ಮ್ಯಾಲ ಬರೂದಿಲ್ಲ, ಪೈಪೆಲ್ಲಾ ಎತ್ತಿ ಹೊಸಾದು ಹಾಕಬೇಕು. ಒಂದು ಬ್ಯಾಗಿನ ತುಂಬ ವಾಷರ್ ಇದ್ದವ ಎರಡನೇ ವರ್ಷಕ್ಕ ಆ ಸೀಮಿ ದೇಸಾಯಿ. ಬಂಗಾರ ಹೊತ್ತು ತಿರಗೂ ಖಳನಾಯಕರು ಸಾಕಾಗ್ಯಾರ, ವಾಷರ್ ಹೊತ್ತವನ್ನ ತರ್ರಿ.

ಇನ್ನ ಬಂದ ನೀರು. ದಿನವಿಡೀ 11,574 ಕ್ಯೂಸೆಕ್ ಹರದ್ರ ಒಂದು ಟಿಎಂಸಿ. ಮಹಾರಾಷ್ಟ್ರದಾಗ ಮಳಿ ಹಿಡದು ಕೃಷ್ಣಾಕ್ಕ 2 ಲಕ್ಷ ಕ್ಯೂಸೆಕ್ ಬಂತಂದ್ರ ದಿನಕ್ಕ 17 ಟಿಎಂಸಿ. ಆಲಮಟ್ಟಿ ಸಾಮರ್ಥ್ಯ 123. ಬ್ಯಾಸಿಗಿ ಕಡೀಕ 25 ಉಳದಿತ್ತು ಅಂತ ಇಟ್ಕೋರಿ, ಆರು ದಿನದೊಳಗ ತುಂಬತೈತಿ. 26 ಗೇಟು, ಎತ್ತಾಕ ಒಬ್ಬರೂ ಇಲ್ಲ. ಏಳನೇ ದಿನ ನೀರು ಗೇಟಿನ ನೆತ್ತಿ ಮ್ಯಾಲಿಂದ ಬೀಳಾಕ ಹತ್ತತೈತಿ.

ಇಲ್ಲಿ ಬರಿಯವರು ಕೂಡ್ಲೇ ಡ್ಯಾಮ್ ಒಡಸ್ತಾರ. ಅವಸರ ಮಾಡಬ್ಯಾಡ್ರಿ. ಕಾಂಕ್ರೀಟು, ಕಲ್ಲಿನ ಕಟ್ಟಿ ಮ್ಯಾಲ ನೀರು ಹಾದ ಮಾತ್ರಕ್ಕ ಒಡಿಯೂದಿಲ್ಲ. ಮಣ್ಣಿನ ಒಡ್ಡು ಒಡೀತೈತಿ: ನೆತ್ತಿ ಮ್ಯಾಲಿಂದ ಹರಿದ ನೀರು ಹಿಂದಿನ ಇಳಿಜಾರು ಕೊರದು, ಕಾಲುವಿ ಮಾಡಿ, ಅದ ಅಗಲ ಆಕ್ಕೋತ ಹೋಗತೈತಿ. ಅದಕ್ಕ ಅಂಜಬೇಕಾದ್ದು ಘಟಪ್ರಭಾದ ಹಿಡಕಲ್ ಬಗ್ಗೆ. ಅಲ್ಲಿ ಮೈಲುಗಟ್ಟಲೆ ಮಣ್ಣಿನ ಒಡ್ಡು, ಹಿಂದ 51 ಟಿಎಂಸಿ. ಕೆಳಗ ಗೋಕಾಕ, ಮುಧೋಳ.

ಬಾಗಲಕೋಟಿ ಕತಿ ಇನ್ನೂ ಮೆಲ್ಲಗಿನ ಅಂಜಿಕಿ. ಆಲಮಟ್ಟಿ ನೀರಿನ ಮಟ್ಟ 519.6 ಮೀಟರ್ ಆಗಿದ್ದಕ್ಕ ಹಳೇ ಊರಿನ ಪಾಲು ಈಗಾಗ್ಲೇ ಹಿನ್ನೀರಿನಾಗ ಹೋಗೈತಿ, ಮಂದಿ ನವನಗರಕ್ಕ ಬಂದಾರ. ಮುಂದ 524.256ಕ್ಕ ಏರಸೂ ಯೋಜನಿ ಐತಿ. ಅಂದ್ರ ಯಾವ ಓಣಿ ಯಾವ ಎತ್ತರಕ್ಕ ಮುಳುಗತೈತಿ ಅನ್ನೂದು ಕಾಗದದ ಮ್ಯಾಲ ಗೆರಿ ಹೊಡದು ಇಟ್ಟದ್ದು. ಪ್ರಳಯಕ್ಕ ಮೊದಲ ಸರ್ವೇ ಆದ ಊರು. ಮ್ಯಾಲ ಕೃಷ್ಣಾದಾಗ ಮೊಸಳಿ ಅದಾವ. ನೀರು ನಿಂತ ಓಣ್ಯಾಗ, ಮನಿಯ ಅಟ್ಟಕ್ಕ ಹತ್ತೂ ಮೆಟ್ಟಲದ ಮ್ಯಾಲ ಒಂದನ್ನ ಮಲಗಸ್ರಿ, ಬ್ಯಾರೆ ದೆವ್ವ ಬೇಕಾಗೂದಿಲ್ಲ.

ಎರಿಹೊಲ, ವಿಜಯಪುರ

ವಾಷರ್ ದೇಸಾಯಿಯನ್ನ ಬರಕೊಂಡೆ. ಊಟದ ಲೆಕ್ಕಾ ಯಾರು ಹೇಳ್ತೀರಿ? ಕೌದಿ ಅಕ್ಕಾರು ಎಲ್ಲಿ ಅದಾರ?

ಕೌದಿ, ಇಳಕಲ್

ಇಲ್ಲೇ ಅದೇನಿ ತಮ್ಮಾ.

ದುಡಿಯೂ ಆಳಿಗೆ ದಿನಕ್ಕ ಅರ್ಧ ಕಿಲೊ ಜ್ವಾಳ ಹಿಡಿ. ವರ್ಷಕ್ಕ 180 ಕಿಲೊ, ಹತ್ತಹತ್ರ ಎರಡು ಚೀಲ. 20 ಮಂದಿ ಗುಂಪಿಗೆ 36 ಕ್ವಿಂಟಲ್. ಹಿಂಗಾರಿ ಬಿಳಿಜ್ವಾಳ ಒಣ ಬೇಸಾಯದಾಗ ಎಕರೆಕ್ಕ ನಾಕು ಕ್ವಿಂಟಲ್ ಬಂದ್ರ ಒಳ್ಳೇ ವರ್ಷ. ಅಂದ್ರ ಒಂಬತ್ತು ಎಕರೆ, ಕೈ ತಪ್ಪೂದು ಸೇರಿಸಿ ಹನ್ನೊಂದು. ಬೀಜ ಎಕರೆಕ್ಕ ಮೂರು ಕಿಲೊ. ಬಿತ್ತೂದು ಸಪ್ಟಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ, ಎರಿ ಹೊಲ ಮಳಿ ಕುಡಿದು ಹಿಡಿದಿಟ್ಟ ಪಸಿ ಮ್ಯಾಲ. ತಡಾ ಮಾಡಿದ್ರ ಕಾಳು ತುಂಬೂ ಹೊತ್ತಿಗೆ ಪಸಿ ಇರೂದಿಲ್ಲ, ತೆನಿ ಜಳ್ಳು.

ಬೀಜದ ಜಾತಿ ನೋಡಬೇಕು. ಮಾಲದಂಡಿ ಬಿಳಿಜ್ವಾಳ ಆದ್ರ ತೆನಿ ಆರಿಸಿ ಇಟ್ಟು ಮುಂದಿನ ವರ್ಷ ಬಿತ್ತಬಹುದು, ತಾಯಿಯಂಥದ ಮಗಳು ಬರತೈತಿ. ಅಂಗಡಿಯ ಹೈಬ್ರಿಡ್ ಮೆಕ್ಕಿಜ್ವಾಳ ಆದ್ರ ಮೊದಲನೇ ವರ್ಷ ಬಂಗಾರದಂಥ ಬೆಳಿ, ಎರಡನೇ ವರ್ಷ ಅದ ಬೀಜ ಬಿತ್ತಿದ್ರ ಒಂದು ಗಿಡ ಎದಿಮಟ, ಒಂದು ಮೊಣಕಾಲಮಟ, ಇಳುವರಿ ಬಿದ್ದು ಹೋಗತೈತಿ. ಮೊದಲನೇ ವರ್ಷ ಗೆದ್ವಿ ಅಂತ ಹಾಡಿ ಕುಣಿದ ಊರು ಎರಡನೇ ವರ್ಷ ಉಪವಾಸ. ಕಾದಂಬರಿಗೆ ಇದು ಬೇಕು, ಯಾಕಂದ್ರ ತಪ್ಪು ಯಾರದೂ ಅಲ್ಲ.

ಹಿಟ್ಟು ಕೂಡಿಡೂದು ಬರೀಬ್ಯಾಡ್ರಿ. ಜ್ವಾಳದ ಹಿಟ್ಟು ನಮ್ಮ ಬಿಸಲಿಗೆ ಕೆಲವು ವಾರದಾಗ ಕಹಿ ಆಕ್ಕೈತಿ. ಕಾಳು ಇಡಬೇಕು, ಬೇಕಾದಷ್ಟು ಬೀಸಬೇಕು. ಇಬ್ಬರು ಕುಂತು ಬೀಸುಕಲ್ಲು ತಿರುವಿದ್ರ ತಾಸಿಗೆ ಮೂರು-ನಾಕು ಕಿಲೊ. 20 ಮಂದಿಗೆ ದಿನಾ 10 ಕಿಲೊ. ಮುಂಜಾನೆ ಕತ್ತಲಾಗ ಕಲ್ಲಿನ ಸಪ್ಪಳ ದೂರ ಕೇಳತೈತಿ, ಹುಡುಕಿಕೊಂಡು ಬರವರಿಗೆ ಅದ ದಾರಿ ತೋರಸತೈತಿ.

ಈಗ ಹಗೇವು. ಇದು ಗೊತ್ತಿಲ್ಲದ ಈ ಸೀಮಿ ಭಯಾನಕ ಕಾದಂಬರಿ ಬರೀಬಾರದು.

ದಿನ್ನಿ ಮ್ಯಾಲ, ನೀರು ನಿಲ್ಲದ ಗಟ್ಟಿ ನೆಲದಾಗ ತೋಡಿದ ಕಾಳಿನ ಕುಣಿ. ಬಾಯಿ ಸಣ್ಣದು, ಒಬ್ಬ ಮನುಷ್ಯಾ ಇಳಿಯೂವಷ್ಟು. ಒಳಗ ಹೊಟ್ಟಿ ದೊಡ್ಡದು, ಗಡಗಿಯಂಗ. ಆಳ ಹತ್ತು ಅಡಿ ಹಿಡೀರಿ. ತಳಕ್ಕ, ಸುತ್ತಲ ಗ್ವಾಡಿಗೆ ಒಣ ಕಣಕಿ, ಹುಲ್ಲು ಒತ್ತಿ, ಕಾಳು ಚಂದಂಗ ಒಣಗಿಸಿ ಸುರವಿ, ಮ್ಯಾಲ ಮತ್ತ ಹುಲ್ಲು, ಹಾಸುಗಲ್ಲು, ಅದರ ಮ್ಯಾಲ ಮಣ್ಣು ಮೆತ್ತಿ ಮುಚ್ಚೂದು. ಗಾಳಿ ಹೋಗೂದಿಲ್ಲ, ಅದಕ್ಕ ಹುಳ ಬದುಕೂದಿಲ್ಲ, ವರ್ಷಗಟ್ಟಲೆ ಇರತೈತಿ. ಗ್ವಾಡಿ ಮಗ್ಗಲದ ಕಾಳು ಪಸಿ ಹಿಡಿದು ಹೆಂಟಿ ಆಗಿರತೈತಿ, ಒಂದು ಮುಗ್ಗಲ ವಾಸನಿ. ಆ ಜ್ವಾಳದ ರೊಟ್ಟಿ ಒಂದು ತುತ್ತು ತಿಂದವರಿಗೆ ಕಣ್ಣು ಮುಚ್ಚಿ ಕೊಟ್ರೂ ಗುರುತು ಸಿಗತೈತಿ.

ಹುಳಕ್ಕ ಯಾವ ಗಾಳಿ ಇಲ್ಲೋ ಮನುಷ್ಯಾಗೂ ಅದ ಇಲ್ಲ. ಕಾಳು ಉಸಿರಾಡತೈತಿ. ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡತೈತಿ. ಅದು ಗಾಳಿಗಿಂತ ಭಾರ, ಕಲ್ಲು ತಗದ್ರೂ ಮ್ಯಾಲ ಏರಿ ಹೋಗೂದಿಲ್ಲ, ಕುಣಿಯಾಗ ನೀರಿನಂಗ ನಿಂತಿರತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ. ಇಳಿದವ ಎರಡು ಉಸಿರಿಗೆ ಕುಸೀತಾನ. ಮ್ಯಾಲಿದ್ದವ "ಕಾಲು ಜಾರಿ ಬಿದ್ದ" ಅಂತ ತಿಳಿದು ಎತ್ತಾಕ ಇಳೀತಾನ. ಅವನೂ ಹ್ವಾದ. ಮೂರನೇದಾವ ಇಳೀತಾನ. ಹಗೇವಿನ ಸಾವು ಒಂದಕ್ಕ ನಿಲ್ಲೂದು ಕಡಿಮಿ.

ಕ್ರಮ ಹಿಂಗ: ಕಲ್ಲು ತಗದು ಒಂದು ದಿನ ಬಿಡೂದು. ಎಲಿ ಇರೂ ಟೊಂಗಿ ಹಗ್ಗಕ್ಕ ಕಟ್ಟಿ ಇಳಿಸಿ ಏರಿಸಿ ಒಳಗಿನ ಗಾಳಿ ಕಲಿಸೂದು. ಆಮ್ಯಾಲ ಕಂದೀಲು ಹಚ್ಚಿ ಹಗ್ಗದಾಗ ಇಳಿಬಿಡೂದು, ತಳದ ಮಟ. ಆರಿದ್ರ ಇಳಿಯೂ ಹಂಗಿಲ್ಲ. ಸಣ್ಣಾದ್ರೂ ಇಳಿಯೂ ಹಂಗಿಲ್ಲ. ಆರಲಿಲ್ಲ ಅಂದ್ರೂ ಇಳಿಯವರ ಕಂಕುಳಕ್ಕ ಹಗ್ಗ ಕಟ್ಟಿ, ಮ್ಯಾಲ ಮೂರು ಮಂದಿ ಹಿಡೀಬೇಕು, ಇಳಿದವರು ಮಾತಾಡ್ಕೋತ ಇರಬೇಕು. ಮಾತು ನಿಂತ್ರ ಜಗ್ಗೂದು, ಕೇಳ್ಕೋತ ಕುಂಡ್ರೂದಲ್ಲ.

ಕರದಂಟು, ಗೋಕಾಕ

ಅಕ್ಕಾರ, ನನ್ನ ಮಾತು ವಾಪಸ್ ತಗೊಂಡೆ. ದೆವ್ವ ಎದ್ದು ಕುಂತೈತಿ.

ಬೆಳಗಲಿ ಮಾಸ್ತರ, ಮುಧೋಳ

ಈ ನೆಲ ಇದನ್ನೆಲ್ಲ ಒಮ್ಮೆಯಲ್ಲ, ಹಲವು ಸಲ ಕಂಡಿದೆ. 1791-92ರ ಬರವನ್ನು ಜನ ಡೋಗಿ ಬರ ಎಂದೇ ಕರೆದರು, ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಉರುಳಿದ್ದಕ್ಕೆ. 1876-78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಹೆಚ್ಚುಕಡಿಮೆ ಇಂದಿನ ವಿಜಯಪುರ-ಬಾಗಲಕೋಟೆ, 1872ರಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆಯಿಂದ 1881ಕ್ಕೆ ಸುಮಾರು 6.4 ಲಕ್ಷಕ್ಕೆ ಇಳಿಯಿತು. ಐದರಲ್ಲಿ ಒಬ್ಬರು ಸತ್ತರು ಇಲ್ಲವೇ ಊರು ಬಿಟ್ಟರು. ಅದಕ್ಕೂ ಹಿಂದೆ, 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ವಿಜಯಪುರ ಬಿದ್ದು ಎರಡು ವರ್ಷಕ್ಕೆ ಪ್ಲೇಗು ಬಂತು. ಗೆದ್ದವನ ಬೀಬಿ ಔರಂಗಾಬಾದಿ ಮಹಲ್ ಕೂಡ ಅದರಲ್ಲೇ ಹೋದಳು.

ಪ್ಲೇಗು ಬರೆಯುವುದಾದರೆ ಕ್ರಮ ತಪ್ಪಬಾರದು. ಮೊದಲು ಇಲಿ ಸಾಯುತ್ತವೆ. ಇಲಿ ತಣ್ಣಗಾದ ಮೇಲೆ ಚಿಗಟ ಬೇರೆ ಮೈ ಹುಡುಕುತ್ತದೆ. ಹತ್ತು-ಹದಿನಾಲ್ಕು ದಿನಕ್ಕೆ ಮನುಷ್ಯರ ಸರದಿ. ಕಚ್ಚಿದ ಮೇಲೆ ಜ್ವರ, ಗಡ್ಡೆ ಕಾಣಲು 2ರಿಂದ 6 ದಿನ. "ಇಲಿ ಬಿದ್ದಾವ" ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದುದು ಈ ಎರಡು ವಾರದ ಲೆಕ್ಕದ ಮೇಲೆ. ಇಲಿ ಬಿದ್ದ ಸುದ್ದಿಯನ್ನು ಯಾರೋ ಮುಚ್ಚಿಡುತ್ತಾರೆ ಅನ್ನುವುದೊಂದೇ ಸಾಕು, ನೂರು ಪುಟ ಓಡುತ್ತದೆ.

ಗಾಣದ ಹೊಗಿ, ಜಮಖಂಡಿ

ಎಲ್ಲಾ ಕಾದಂಬರಿಯಾಗ ಉಳದವರು ಒಂದು ಕ್ವಾಟಿ ಹಿಡೀತಾರ. ನಮ್ಮ ಕಡೆ ಕ್ವಾಟಿ ಹಿಡಿಯೂದು ಮಂಗ್ಯಾತನ. ಕಲ್ಲು ಐತಿ, ಮತ್ತೇನೂ ಇಲ್ಲ. ಸಕ್ರಿ ಕಾರ್ಖಾನಿ ಹಿಡೀಬೇಕು. ಕಂಪೌಂಡ್ ಐತಿ, ಕಾಕಂಬಿ ಟಾಕಿ, ಸುಣ್ಣ, ಗಂಧಕ, ವರ್ಕ್‌ಶಾಪು, ಡೀಸೆಲ್ ಸೆಟ್ಟು. ನುರಿಸಿದ ಕಬ್ಬಿನಾಗ ನೂರಕ್ಕ 30ರ ಸುಮಾರು ಸಿಪ್ಪಿ ಬರತೈತಿ. ದಿನಕ್ಕ 5,000 ಟನ್ ನುರಿಸೂ ಕಾರ್ಖಾನಿಗೆ 1,500 ಟನ್ ಸಿಪ್ಪಿ, ಅದ ಅದರ ಬಾಯ್ಲರಿಗೆ ಉರುವಲ.

ಇಲ್ಲೂ ಒಂದು ಮೋಸ ಐತಿ. ಆ ಬಾಯ್ಲರಿಗೆ ಶುದ್ಧ ಮಾಡಿದ ನೀರ ಬೇಕು. ಬಾವಿ ನೀರು ಬಿಟ್ರ ಕೊಳವಿ ಒಳಗ ಉಪ್ಪು ಹೆಪ್ಪುಗಟ್ಟಿ, ಅಲ್ಲಿ ಕಬ್ಬಿಣ ಕಾಯ್ದು ಉಬ್ಬಿ ಸೀಳತೈತಿ. ಹಸಿ ಸಿಪ್ಪಿ ಒಟ್ಟಿದ ಗುಡ್ಡ ಒಳಗಿಂದೊಳಗ ಕಾವೇರಿ ಒಂದು ದಿನ ತಾನ ಹೊತ್ತತೈತಿ. ಖಾಲಿ ಕಾಕಂಬಿ ಟಾಕಿಯಾಗ ಇಳಿದವನ ಗತಿ ಅಕ್ಕಾರು ಹೇಳಿದ ಹಗೇವಿನದ. ಹಿಂಗಾಗಿ ನನ್ನ ಸಲಹಾ: ದೊಡ್ಡ ಬಾಯ್ಲರ್ ಎಬ್ಬಿಸಾಕ ಹೋದ ಗುಂಪು ಸಾಯ್ಲಿ, ಕಬ್ಬಿಣದ ಗಾಣಕ್ಕ ಎತ್ತು ಕಟ್ಟಿ ಬೆಲ್ಲ ಮಾಡಿದ ಗುಂಪು ಉಳೀಲಿ.

ಕರದಂಟು, ಗೋಕಾಕ

ಜೊಂಬಿ ಬ್ಯಾಡ ಅಂತ ಯಾರೂ ಅಂದಿಲ್ಲಲ್ಲ? ನಾನ ಅಂತೇನಿ. ಮೇ ತಿಂಗಳ 41 ಡಿಗ್ರಿಯಾಗ ಹೆಣ ಮೂರು ದಿನ ನಿಲ್ಲೂದಿಲ್ಲ. ಮಳಿಗಾಲದಾಗ ಎರಿ ಮಣ್ಣು. ಹತ್ತು ಹೆಜ್ಜಿಗೆ ಕಾಲಿಗೆ ಎರಡೆರಡು ಕಿಲೊ ಮಣ್ಣು ಮೆತ್ತಿಕೊಂಡು ಜೊಂಬಿ ಹೊಲದ ನಡುವ ನಿಂತಿರತೈತಿ, ಟ್ರ್ಯಾಕ್ಟರ್ ಹಚ್ಚಿ ಎಳೀಬೇಕು. ಖಾನಾಪುರ ಅಡವ್ಯಾಗ ನೋಡ್ಕೋರಿ ಬೇಕಾದ್ರ.

ಗೋಳಗುಮ್ಮಟ ಮಾತ್ರ ಬಿಡಬ್ಯಾಡ್ರಿ.

ಎರಿಹೊಲ, ವಿಜಯಪುರ

ಗುಮ್ಮಟ ಬಿಟ್ಟು ವಿಜಯಪುರದವ ಬರೀತಾನೇನ್ರಿ. ಅದರ ಲೆಕ್ಕಾ ನಾನೇ ಹಾಕೀನಿ, ತಪ್ಪಿದ್ರ ತಿದ್ರಿ. ಒಳಗಿನ ವ್ಯಾಸ ಹತ್ತಿರ ಹತ್ತಿರ 38 ಮೀಟರ್. ಸಪ್ಪಳ ಆ ದಂಡಿಗೆ ಹೋಗಿ ಬರ್ಲಿಕ್ಕೆ 76 ಮೀಟರ್, ಸೆಕೆಂಡಿಗೆ 340ರ ಲೆಕ್ಕದಾಗ 0.22 ಸೆಕೆಂಡ್. ಕಿವಿ ಬ್ಯಾರೆ ಬ್ಯಾರೆ ಅಂತ ಗುರುತಿಸ್ಲಿಕ್ಕೆ 0.1 ಸಾಕು. ಹಿಂಗಾಗಿ ಚಪ್ಪಾಳಿ, ಕೆಮ್ಮು, ಬಂದೂಕಿನ ಕುದರಿ ಎಳದ ಸಪ್ಪಳ ಏಳೇಳು ಸಲ ಬಿಡಿಬಿಡಿಯಾಗಿ ವಾಪಸ್ ಬರ್ತದ. ಉದ್ದ ಮಾತು ಒದರಿದ್ರ ಒಂದರ ಮ್ಯಾಲ ಒಂದು ಬಿದ್ದು ಬರೇ ಗದ್ದಲ. ಮ್ಯಾಲಿನ ಪಿಸುಗುಟ್ಟೂ ಗ್ಯಾಲರಿಯಾಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಮಾತ್ರ ಆ ದಂಡಿಗೆ ಸ್ಪಷ್ಟ. ಅಂದ್ರ ಅಲ್ಲಿ ಸಂಭಾಷಣೆ ಒಂದೊಂದೇ ಶಬ್ದದ್ದಿರಬೇಕು, ಒದರೂದು ಇರಬಾರದು. ಎಷ್ಟು ಮಂದಿ ಒಳಗ ಬಂದಾರ ಅನ್ನೂದನ್ನ ಕಾಲಿನ ಸಪ್ಪಳ ಎಣಿಸಿ ಹೇಳ್ಲಿಕ್ಕೂ ಬರೂದಿಲ್ಲ, ಒಬ್ಬ ಬಂದ್ರೂ ಏಳು ಮಂದಿ.

ಮಸಿಡಬ್ಬಿ, ಬೆಳಗಾವಿ

ಇದು ಕೇಳ್ರಿ, ಇದು! ಇದ್ರ ಮ್ಯಾಲ ಬ್ಯಾರೆ ಏನೂ ಹಾಕಬ್ಯಾಡ್ರಿ.

ದಾರಿ ಬಗ್ಗೆ ಒಂದು ಮಾತು. ದೊಡ್ಡ ಕಾದಂಬರಿಗೆ ಒಂದು ನಡಿಗಿ ಬೇಕು. ನಿಮ್ಮಲ್ಲಿ ಅದು ತಾನ ಐತಿ: ಕಾಳು ಪೂರ್ವಕ್ಕ, ನೀರು ಪಶ್ಚಿಮಕ್ಕ. ವಿಜಯಪುರದಿಂದ ಬೆಳಗಾವಿ 200 ಕಿಲೊಮೀಟರಿಗೆ ಸ್ವಲ್ಪ ಮ್ಯಾಲ. ಹೇರಿದ ಚಕ್ಕಡಿ ದಿನಕ್ಕ 20-25. ಹತ್ತು ದಿನ, ಎತ್ತಿನ ಕಾಲು ನೋಯದಿದ್ರ. ಬೆಳಗಾವಿಗೆ ಬಂದವರು ನಳ ತಿರುವಿದ್ರ ನೀರ ಬರೂದಿಲ್ಲ, ಊರಿಗೆ ನೀರು ಕೊಡೂ ರಾಕಸಕೊಪ್ಪ, ಹಿಡಕಲ್ ಡ್ಯಾಮು ಎರಡೂ ಪಂಪಿನ ನೀರು. ಕುಡಿಯೂದು 1924ರ ಕಾಂಗ್ರೆಸ್ ಅಧಿವೇಶನಕ್ಕ ಅಂತ ತೋಡಿದ ಬಾವಿ ನೀರು. ಗಾಂಧಿ ಅಧ್ಯಕ್ಷರಾಗಿದ್ದು ಅದೊಂದ ಅಧಿವೇಶನಕ್ಕ, ಅದರ ಬಾವಿಗೆ ಬಡಿಗಿ ಹಿಡಿದು ಕಾವಲು. ಇದನ್ನ ಬರಿಯೂದಿದ್ರ ವಿವರಣಿ ಕೊಡಬ್ಯಾಡ್ರಿ, ಕಲ್ಲಿನ ಮ್ಯಾಲಿನ ಅಕ್ಷರ ಓದಸ್ರಿ ಸಾಕು.

ಅಚ್ಚಿನ ಲೆಕ್ಕಾನೂ ಹೇಳೇ ಬಿಡತೇನಿ. ಡೆಮಿ ಎಂಟನೇ ಒಂದು ಅಳತಿಯಾಗ 16 ಪುಟಕ್ಕ ಒಂದು ಫಾರ್ಮು. 1,000 ಪುಟಕ್ಕ 63. ಪುಟಕ್ಕ 250 ಶಬ್ದ ಹಿಡದ್ರ ಎರಡೂವರೆ ಲಕ್ಷ ಶಬ್ದ. 70 ಜಿಎಸ್‌ಎಂ ಕಾಗದದಾಗ ಬೆನ್ನು ಹತ್ತಹತ್ರ ಐದು ಸೆಂಟಿಮೀಟರ್. ಬರೇ ಅಂಟು ಬೈಂಡಿಂಗ್ ಮಾಡಿದ್ರ ನಡುವ ತೆರದಲ್ಲಿ ಬೆನ್ನು ಸೀಳಿ ಫಾರ್ಮು ಕೈಯಾಗ ಬರತಾವ. ಹೊಲಿಗಿ ಹಾಕಸ್ರಿ, ಇಲ್ಲಾ 500ರಂಗ ಎರಡು ಭಾಗ ಮಾಡ್ರಿ. ಭಾಗ ಮಾಡೂದಿದ್ರ ಮೊದಲನೇದರ ಕಡೀ ಪುಟ ಹಗೇವಿನ ಬಾಯಿ ಮ್ಯಾಲ ನಿಲ್ಲಸ್ರಿ.

ಎರಿಹೊಲ, ವಿಜಯಪುರ

ಹಂಗೇ ವಿಚಾರ ಮಾಡೀನಿ. ಕೌದಿ ಅಕ್ಕಾ, ಅದಕ್ಕೇ ಒಂದು ತೊಡಕು ಬಂದದ. 20 ಮಂದಿ ಗುಂಪು ಕಡೀಕ ಇಬ್ಬರಿಗೆ ಬರ್ತದ, ಒಬ್ಬ ಮುದುಕಿ, ಒಬ್ಬ ಹುಡುಗ. ಹಗೇವು ತುಂಬಿದ್ದು ಅವರಿಗೆ ಗೊತ್ತದ. ಆದ್ರ ನೀವು ಮ್ಯಾಲ ಮೂರು ಮಂದಿ ಹಗ್ಗ ಹಿಡೀಬೇಕು ಅಂದ್ರಿ.

ಕೌದಿ, ಇಳಕಲ್

ಇಬ್ಬರಿಂದ ಆಗೂದಿಲ್ಲ. ಸತ್ತಂಗ ಬಿದ್ದ ಹುಡುಗನ್ನ ಹತ್ತು ಅಡಿ ಕೆಳಗಿಂದ, ಅಷ್ಟು ಸಣ್ಣ ಬಾಯಿಂದ ಮುದುಕಿ ಒಬ್ಬಾಕಿ ಎತ್ತಾಕ ಸಾಧ್ಯಿಲ್ಲ. ಮೂರು ಕೋಲು ನಿಲ್ಲಿಸಿ ಗಡಗಡಿ ಕಟ್ಟಿದ್ರ ಪ್ರಯತ್ನ ಮಾಡಬಹುದು, ನಾನಂತೂ ಹುಡುಗನ್ನ ಇಳಸೂದಿಲ್ಲ.

ಬಾಯಿಂದ ಇಳೀಬ್ಯಾಡ್ರಿ ಅಂತ ಬರಿ. ಬಾಯಿ ತಗದು ಟೊಂಗಿ ಆಡಿಸಿ, ಮಗ್ಗಲದಿಂದ ಇಳಿಜಾರು ಅಗೀಲಿ. ಎರಡೂವರೆ ಅಡಿ ಅಗಲ, ಹದಿನೈದು ಅಡಿ ಉದ್ದ. ಕಾಳಿನ ಮಟ್ಟಕ್ಕ ಬಂದ ಕೂಡ್ಲೇ ಗ್ವಾಡಿಗೆ ಸಣ್ಣ ತೂತು ಹೊಡದು ಹಿಂದ ಸರೀಬೇಕು, ಕೆಟ್ಟ ಗಾಳಿ ತಗ್ಗಿಗೆ ಹರದು ಬರತೈತಿ. ಅರ್ಧ ದಿನ ಬಿಟ್ಟು, ಕಂದೀಲು ಮುಂದ ಹಿಡಕೊಂಡು ಹೋಗಿ ಕಾಳು ಎಳಿಯೂ ಗೋರಿ ಹಚ್ಚಿ ಎಳಕೊಳ್ಳೂದು. ಗರಸು ನೆಲದಾಗ ಅವರಿಬ್ಬರಿಗೆ ಐದು ದಿನದ ಕೆಲಸ.

ಐದು ದಿನಕ್ಕ ಅವರ ಗಡಗಿಯಾಗ ಎಷ್ಟು ಹಿಟ್ಟೈತಿ ಅನ್ನೂದನ್ನ ಹಿಂದಿನ ಅಧ್ಯಾಯದಾಗ ಬರದೀಯೇನು ತಮ್ಮಾ?

ಎರಿಹೊಲ, ವಿಜಯಪುರ

ಎರಡು ಕಿಲೊ ಅಂತ ಬರದೀನಿ.

ಕೌದಿ, ಇಳಕಲ್

ಅಗಿಯೂ ಕೆಲಸಕ್ಕ ಇಬ್ಬರಿಗೆ ದಿನಾ ಒಂದು ಕಿಲೊ. ಮೂರನೇ ದಿನ ಮುಂಜಾನೆ ಗಡಗಿ ತಳ ಕಾಣತೈತಿ. ಅಲ್ಲಿಂದ ಬರಿ.